ಮೂವತ್ತೈದರ ಮೇಲೆ ಮತ್ತೆ ಕೋರ್ಟಿಗೆ: ಮನಸ್ಸಿಗೂ ಗೆಳೆತನಕ್ಕೂ ಒಂದು ಆಟ ಹುಡುಕಿಕೊಳ್ಳುವ ಬಗೆ

ಕೆಲಸ, ಮದುವೆ, ಮಗು, ಮನೆ ಸಾಲ ಒಂದರ ಹಿಂದೊಂದು ಬರುವಾಗ ಯಾರಿಗೂ ಹೇಳದೆ ಜಾಗ ಬಿಟ್ಟು ಹೋಗುವುದು ಆಟ. ಕಾಲೇಜಿನಲ್ಲಿ ಸಂಜೆ ನಾಲ್ಕೂವರೆಗೆ ವಾಲಿಬಾಲ್ ನೆಟ್ ಕಟ್ಟುತ್ತಿದ್ದವರು ಮೂವತ್ತೈದು ದಾಟುವಷ್ಟರಲ್ಲಿ ಸೋಫಾದ ಮೇಲೆ ಕೂತು ಐಪಿಎಲ್ ನೋಡುವವರಾಗಿರುತ್ತಾರೆ. ಅದೇ ಹೊತ್ತಿಗೆ ಇನ್ನೊಂದು ನಷ್ಟವೂ ಆಗಿರುತ್ತದೆ, ಅದು ಗೊತ್ತಾಗುವುದು ತಡವಾಗಿ. ಫೋನಿನಲ್ಲಿ ನೂರಾರು ನಂಬರುಗಳಿರುತ್ತವೆ. ಆದರೆ ಆಫೀಸಿಗೂ ಸೇರದ, ನೆಂಟಸ್ತಿಕೆಗೂ ಸೇರದ, ವಾರಕ್ಕೆರಡು ಸಲವಾದರೂ ಮುಖ ನೋಡುವ ಒಬ್ಬ ಮನುಷ್ಯ ಇರುವುದಿಲ್ಲ.

ಈ ಬರಹ ಅಂಥವರಿಗೆ. ಆಟದಿಂದ ಮನಸ್ಸಿಗೆ ಒಳ್ಳೆಯದಾಗುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು, ಅದನ್ನೇ ಮತ್ತೆ ಹೇಳಲು ಹೊರಟಿಲ್ಲ. ನನ್ನ ವಾದ ಇಷ್ಟೇ: ಆ ಒಳ್ಳೆಯದರಲ್ಲಿ ದೊಡ್ಡ ಪಾಲು ಬರುವುದು ಅದೇ ಜನ, ಅದೇ ಜಾಗ, ಅದೇ ಹೊತ್ತು ಎಂಬ ಮೂರರಿಂದ. ಯಾವ ಆಟ, ಎಷ್ಟು ಬೆವರು, ಯಾವ ಕಂಪನಿಯ ರ‍್ಯಾಕೆಟ್ ಇವೆಲ್ಲ ಆಮೇಲಿನ ಮಾತು. ಸಾಮಾನ್ಯವಾಗಿ ನಾವು ಮೊದಲು ಆಟ ಆರಿಸುತ್ತೇವೆ, ಆಮೇಲೆ ಸಾಮಾನು ಕೊಳ್ಳುತ್ತೇವೆ, ಕೊನೆಗೆ ಜನ ಹುಡುಕುತ್ತೇವೆ. ಅಷ್ಟರಲ್ಲಿ ಉತ್ಸಾಹ ಇಳಿದಿರುತ್ತದೆ. ಇಲ್ಲಿ ಆ ಕ್ರಮವನ್ನು ತಿರುಗಿಸಿದ್ದೇನೆ. ಉದಾಹರಣೆಗೆ ಶಟಲ್ ಇಟ್ಟುಕೊಂಡಿದ್ದೇನೆ, ಯಾಕೆಂದರೆ ಬೆಂಗಳೂರಿನ ಅಪಾರ್ಟ್‌ಮೆಂಟಿನಿಂದ ಹಿಡಿದು ತಾಲ್ಲೂಕು ಕೇಂದ್ರದ ಒಳಾಂಗಣದವರೆಗೆ ಇವತ್ತು ಸುಲಭವಾಗಿ ಸಿಗುವ ಆಟ ಅದು. ವಾಲಿಬಾಲ್, ಥ್ರೋಬಾಲ್, ಟೆನಿಸ್ ಬಾಲ್ ಕ್ರಿಕೆಟ್ ಆಡುವವರು ಅಲ್ಲಲ್ಲಿ ಲೆಕ್ಕ ಬದಲಿಸಿಕೊಂಡರೆ ಸಾಕು.

ಶುರು ಮಾಡುವ ಮೊದಲು, ಸ್ವಲ್ಪ ಪುರಾವೆ

2018ರಲ್ಲಿ 'ಲ್ಯಾನ್ಸೆಟ್ ಸೈಕಿಯಾಟ್ರಿ' ಪತ್ರಿಕೆಯಲ್ಲಿ ಅಮೆರಿಕದ 12 ಲಕ್ಷ ವಯಸ್ಕರ ಮಾಹಿತಿ ಆಧರಿಸಿದ ಅಧ್ಯಯನವೊಂದು ಬಂತು. ಹೋದ ತಿಂಗಳಲ್ಲಿ ಎಷ್ಟು ದಿನ ಮನಸ್ಸು ಸರಿ ಇರಲಿಲ್ಲ ಎಂದು ಕೇಳಿದ್ದರು. ಬೇರೆಲ್ಲ ವಿಷಯಗಳಲ್ಲಿ ಒಂದೇ ಥರ ಇದ್ದವರನ್ನು ಹೋಲಿಸಿದಾಗ, ಮೈ ದಂಡಿಸುವವರಿಗೆ ಅಂಥ ದಿನಗಳು ಶೇ. 43ರಷ್ಟು ಕಡಿಮೆ ಇದ್ದವು. ಅದರಲ್ಲೂ ತಂಡವಾಗಿ ಆಡುವವರಲ್ಲಿ ವ್ಯತ್ಯಾಸ ಎಲ್ಲಕ್ಕಿಂತ ಹೆಚ್ಚು. ಸುಮಾರು 45 ನಿಮಿಷ, ವಾರಕ್ಕೆ ಮೂರರಿಂದ ಐದು ಸಲ ಆಡುವವರು ಚೆನ್ನಾಗಿದ್ದರು. ದಿನಕ್ಕೆ ಮೂರು ಗಂಟೆಗೂ ಮೀರಿ ದಂಡಿಸುವವರ ಸ್ಥಿತಿ ಏನೂ ಮಾಡದವರಿಗಿಂತ ಕೆಟ್ಟದಾಗಿತ್ತು.

ಅದೇ ವರ್ಷ ಡೆನ್ಮಾರ್ಕಿನ ಕೋಪನ್‌ಹೇಗನ್‌ನಿಂದ ಇನ್ನೊಂದು ಲೆಕ್ಕ ಬಂತು. ಎಂಟು ಸಾವಿರಕ್ಕೂ ಹೆಚ್ಚು ಜನರನ್ನು 25 ವರ್ಷ ಗಮನಿಸಿ ಮಾಡಿದ್ದು. ಕೂತೇ ಇರುವವರಿಗಿಂತ ಟೆನಿಸ್ ಆಡುವವರು 9.7 ವರ್ಷ, ಶಟಲ್ ಆಡುವವರು 6.2, ಫುಟ್‌ಬಾಲ್ ಆಡುವವರು 4.7 ವರ್ಷ ಹೆಚ್ಚು ಬದುಕಿದ್ದರು. ಓಡುವವರಿಗೆ 3.2, ಜಿಮ್ಮಿಗೆ ಹೋಗುವವರಿಗೆ 1.5. ಇದನ್ನು ಹಿಡಿದುಕೊಂಡು 'ಶಟಲ್ ಆಡಿ, ಆರು ವರ್ಷ ಆಯುಸ್ಸು ಗಳಿಸಿ' ಅಂತ ಯಾರಾದರೂ ವಾಟ್ಸಾಪಿನಲ್ಲಿ ಕಳಿಸಿದರೆ ನಂಬಬೇಡಿ. ಟೆನಿಸ್ ಆಡುವವರು ಮೊದಲೇ ಉಳ್ಳವರೂ ಆರೋಗ್ಯವಂತರೂ ಆಗಿರಬಹುದು. ಆದರೆ ಆ ಪಟ್ಟಿಯ ಸಾಲು ನೋಡಿ. ಎದುರಿಗೆ ಇನ್ನೊಬ್ಬರು ಇಲ್ಲದೆ ಆಡಲಾಗದ ಆಟಗಳು ಮೇಲಿವೆ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಒಬ್ಬರೇ ಮಾಡಬಹುದಾದವು ಕೆಳಗಿವೆ.

ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ದೋಣಿ ಹುಟ್ಟು ಹಾಕುವ ಹುಡುಗರ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಪುಟ್ಟ ಪ್ರಯೋಗ ನನಗೆ ಇನ್ನೂ ಇಷ್ಟ. ಯಂತ್ರದ ಮೇಲೆ ಅಷ್ಟೇ ಶ್ರಮದಿಂದ ಒಮ್ಮೆ ಒಬ್ಬೊಬ್ಬರಾಗಿ, ಇನ್ನೊಮ್ಮೆ ಒಟ್ಟಾಗಿ ಹುಟ್ಟು ಹಾಕಿಸಿದರು. ಒಟ್ಟಾಗಿ ಮಾಡಿದ ಮೇಲೆ ನೋವು ತಡೆದುಕೊಳ್ಳುವ ಶಕ್ತಿ ಏರಿದ್ದು ಒಬ್ಬರೇ ಮಾಡಿದಾಗ ಏರಿದ್ದರ ಎರಡರಷ್ಟು. ನೋವು ತಡೆಯುವ ಶಕ್ತಿ ಏರಿದರೆ ಮಿದುಳು ಹಿತ ಕೊಡುವ ಎಂಡಾರ್ಫಿನ್ ಬಿಟ್ಟಿದೆ ಎಂದು ಲೆಕ್ಕ. ಮೈಗೆ ಆದ ದಣಿವು ಒಂದೇ, ಮಿದುಳು ಕೊಟ್ಟ ಬಹುಮಾನ ಬೇರೆ.

ಪುರಾವೆ ಇಷ್ಟು ಸಾಕು, ಇನ್ನು ಕೆಲಸಕ್ಕೆ ಬರೋಣ.

ಹೆಜ್ಜೆ 1: ಆಟ ಬಿಡಿ, ಮೊದಲು ದೂರ ಮತ್ತು ಹೊತ್ತು ನೋಡಿ

ಮನೆಯಿಂದಲೋ ಆಫೀಸಿನಿಂದಲೋ ಹದಿನೈದು ನಿಮಿಷದೊಳಗೆ ತಲುಪುವ ಜಾಗಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ. ಕಿಲೋಮೀಟರಿನಲ್ಲಿ ಅಳೆಯಬೇಡಿ. ಬೆಂಗಳೂರಿನಲ್ಲಿ ಬೆಳಿಗ್ಗೆ ಆರಕ್ಕೆ ಹತ್ತು ನಿಮಿಷದ ದಾರಿ ಸಂಜೆ ಏಳಕ್ಕೆ ಐವತ್ತು ನಿಮಿಷವಾಗುತ್ತದೆ, ಅಷ್ಟು ಹೊತ್ತು ಸಿಗ್ನಲ್‌ನಲ್ಲಿ ನಿಂತು ಹೋದವನಿಗೆ ಆಟ ಇನ್ನೊಂದು ತಲೆನೋವು. ದೂರದ ಮರದ ನೆಲದ ಕೋರ್ಟಿಗಿಂತ ಹತ್ತಿರದ ಸಿಮೆಂಟ್ ಕೋರ್ಟು ಮನಸ್ಸಿಗೆ ಒಳ್ಳೆಯದು. ಮಂಡಿಗೆ ಒಳ್ಳೆಯದಲ್ಲ, ಆ ವಿಷಯ ಮುಂದೆ ಬರುತ್ತದೆ.

ಎಲ್ಲೆಲ್ಲಿ ಹುಡುಕಬೇಕು? ಜಿಲ್ಲಾ ಮತ್ತು ತಾಲ್ಲೂಕು ಕೇಂದ್ರಗಳಲ್ಲಿ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕ್ರೀಡಾಂಗಣಗಳಿವೆ, ಖಾಸಗಿ ಕೋರ್ಟುಗಳಿಗಿಂತ ಶುಲ್ಕ ಕಡಿಮೆ. ಸರ್ಕಾರಿ ಶಾಲೆಯ ಮೈದಾನದಲ್ಲಿ ಸಂಜೆ ವಾಲಿಬಾಲ್ ನಡೆಯದ ಹೋಬಳಿ ಅಪರೂಪ. ಕರಾವಳಿ, ಮಲೆನಾಡಿನ ಕಡೆ ಯುವಕ ಮಂಡಲ, ಮಹಿಳಾ ಮಂಡಲಗಳೇ ದಾರಿ. ಅಲ್ಲಿ ಸೇರಿದರೆ ಮಳೆಗಾಲದ ಕೆಸರುಗದ್ದೆ ಕ್ರೀಡಾಕೂಟದ ಹಗ್ಗಜಗ್ಗಾಟಕ್ಕೂ ನಿಮ್ಮ ಹೆಸರು ತಾನಾಗಿ ಸೇರಿಬಿಡುತ್ತದೆ. ದೊಡ್ಡ ಊರುಗಳಲ್ಲಿ ಪ್ಲೇಯೋ ಥರದ ಆ್ಯಪ್‌ಗಳಲ್ಲಿ 'ಒಬ್ಬರು ಬೇಕಾಗಿದ್ದಾರೆ' ಎಂದು ಹಾಕಿರುವ ಆಟಗಳು ಸಿಗುತ್ತವೆ.

ಹೊತ್ತಿನ ವಿಷಯದಲ್ಲಿ ನಿಮ್ಮ ಮನೆಯವರ ಜೊತೆ ಮೊದಲೇ ಕೂತು ಮಾತಾಡಿ. ವಾರಕ್ಕೆ ಮೂರು ಬೆಳಿಗ್ಗೆ ನೀವು ಹೊರಗಿದ್ದರೆ ಮಗುವಿನ ಸ್ಕೂಲ್ ಬ್ಯಾಗು, ಹಾಲು, ಟಿಫನ್ ಬಾಕ್ಸು ಯಾರ ಪಾಲಿಗೆ ಬೀಳುತ್ತದೆ ಅನ್ನುವುದನ್ನು ಇತ್ಯರ್ಥ ಮಾಡದೆ ಹೊರಟರೆ ಕೋರ್ಟಿನಲ್ಲಿ ಕಳೆದ ಒತ್ತಡ ಮನೆಯ ಬಾಗಿಲಲ್ಲೇ ವಾಪಸ್ ಸಿಗುತ್ತದೆ. ರಾತ್ರಿ ಆಡುವವರಿಗೆ ಒಂದು ಮಾತು: ಬಿರುಸಿನ ಆಟ ಮುಗಿಸಿ ಹಾಸಿಗೆಗೆ ಹೋಗುವ ನಡುವೆ ಒಂದೂವರೆ ಗಂಟೆಯಾದರೂ ಬಿಡಿ. ಹತ್ತೂವರೆವರೆಗೆ ದೀಪದ ಬೆಳಕಿನಲ್ಲಿ ಫುಟ್‌ಬಾಲ್ ಆಡಿ ಬಂದು ಹನ್ನೆರಡಾದರೂ ನಿದ್ದೆ ಬರಲಿಲ್ಲ ಎಂದು ಗೊಣಗುವವರು ಬೇಕಾದಷ್ಟಿದ್ದಾರೆ. ನಿದ್ದೆ ಕೆಡಿಸುವ ಆಟದಿಂದ ಮನಸ್ಸಿಗೆ ಲಾಭವಿಲ್ಲ.

ಹೆಜ್ಜೆ 2: ಜನರನ್ನು ಹುಡುಕಿ

ಇದು ಎಲ್ಲಕ್ಕಿಂತ ಮುಜುಗರದ ಹೆಜ್ಜೆ, ಅದಕ್ಕೇ ಹೆಚ್ಚಿನವರು ಇಲ್ಲೇ ನಿಲ್ಲುತ್ತಾರೆ. ನಲವತ್ತರ ಹತ್ತಿರ ಬಂದ ಮನುಷ್ಯ ಅಪರಿಚಿತರ ಹತ್ತಿರ ಹೋಗಿ 'ನನ್ನನ್ನೂ ಆಟಕ್ಕೆ ಸೇರಿಸಿಕೊಳ್ತೀರಾ' ಅಂತ ಕೇಳುವುದು ಸುಲಭವಲ್ಲ. ಸುಲಭದ ದಾರಿ ಕೋರ್ಟು ನೋಡಿಕೊಳ್ಳುವ ಹುಡುಗ. ಲೈಟು ಹಾಕುವವನು, ನೆಲ ಒರೆಸುವವನು, ಬುಕಿಂಗ್ ಬರೆಯುವವನು ಅವನೇ. ಯಾವ ಗುಂಪಿನಲ್ಲಿ ಯಾರು ಬರುತ್ತಿಲ್ಲ, ಯಾರು ಯಾರ ಜೊತೆ ಜಗಳವಾಡಿದ್ದಾರೆ, ಯಾವ ಬ್ಯಾಚಿಗೆ ಒಬ್ಬರು ಕಮ್ಮಿ ಇದ್ದಾರೆ ಎಲ್ಲ ಅವನಿಗೆ ಗೊತ್ತು. 'ಬೆಳಗ್ಗೆ ಬ್ಯಾಚಲ್ಲಿ ಯಾರಾದ್ರೂ ಕಮ್ಮಿ ಇದ್ರೆ ಒಂದು ಫೋನ್ ಮಾಡಪ್ಪ' ಎಂದು ನಂಬರ್ ಕೊಟ್ಟು ಬನ್ನಿ. ಎರಡು ಮೂರು ಬ್ಯಾಚಿನ ಆಟ ಹೊರಗೆ ನಿಂತು ನೋಡಿ. ನೋಡುವಾಗ ಅವರ ಸ್ಮ್ಯಾಶ್ ಲೆಕ್ಕ ಹಾಕಬೇಡಿ. ಪಾಯಿಂಟ್ ಸೋತವರು ಜೊತೆಗಾರರ ಮುಖ ಹೇಗೆ ನೋಡುತ್ತಾರೆ ಅನ್ನುವುದನ್ನು ಗಮನಿಸಿ. ಸೋತ ಮೇಲೂ ನಗುವ ಬ್ಯಾಚು ಸಿಕ್ಕಿದರೆ ಅವರು ನಿಮಗಿಂತ ಸ್ವಲ್ಪ ಚೆನ್ನಾಗಿ ಆಡುವವರಾದರೂ ಪರವಾಗಿಲ್ಲ, ಸೇರಿಕೊಳ್ಳಿ.

ಮೊದಲ ದಿನ ಒಯ್ಯಬೇಕಾದ್ದು: ಸ್ವಂತ ರ‍್ಯಾಕೆಟ್, ನೆಲಕ್ಕೆ ಗುರುತು ಬೀಳಿಸದ ನಾನ್ ಮಾರ್ಕಿಂಗ್ ಶೂ (ಹೊರಗಿನಿಂದ ಹಾಕಿಕೊಂಡು ಹೋಗದೆ ಕೋರ್ಟಿಗೆ ಬಂದು ಬದಲಿಸಿ, ಮಣ್ಣು ತಂದವರನ್ನು ಯಾರೂ ಮರೆಯುವುದಿಲ್ಲ), ಟವೆಲ್ಲು, ನೀರು. ಮಾಮೂಲಿ ರ‍್ಯಾಕೆಟ್ ಸಾಕು. ಮೊದಲ ಮೂರು ತಿಂಗಳು ದುಬಾರಿಯದು ಕೊಳ್ಳಲೇಬೇಡಿ. ಶಟಲ್ ಕಾಕ್ ಬಗ್ಗೆ ಮಾತ್ರ ಗುಂಪಿನ ಪದ್ಧತಿ ಕೇಳಿಕೊಳ್ಳಿ. ನೈಲಾನ್ ಕಾಕ್ ವಾರಗಟ್ಟಲೆ ಬರುತ್ತದೆ, ಗರಿಯದು ಒಂದೆರಡು ಗೇಮಿಗೇ ಮುಗಿಯುತ್ತದೆ. ತಿಂಗಳ ಖರ್ಚನ್ನು ತೀರ್ಮಾನಿಸುವುದು ಕೋರ್ಟಿನ ಬಾಡಿಗೆಯಷ್ಟೇ ಈ ಕಾಕ್ ಕೂಡ. ಗರಿಯ ಕಾಕ್‌ನಲ್ಲಿ ಆಡುವ ಗುಂಪಿನಲ್ಲಿ ಒಬ್ಬಿಬ್ಬರಿಗೆ ಅದು ಹೊರೆಯಾಗಿ ಅವರು ಹೇಳಲಾರದೆ ಬಿಟ್ಟು ಹೋಗುವುದು ನಡೆಯುತ್ತಲೇ ಇರುತ್ತದೆ. ಮಾಮೂಲಿ ಆಟಕ್ಕೆ ನೈಲಾನೇ ಇರಲಿ ಅನ್ನುವುದು ನನ್ನ ಅಭಿಪ್ರಾಯ.

ಹೆಜ್ಜೆ 3: ಒಂದು ಕೋರ್ಟಿಗೆ ಆರು ಜನ

ನೀವೇ ಗುಂಪು ಕಟ್ಟುವುದಾದರೆ ಈ ಸಂಖ್ಯೆ ನೆನಪಿಡಿ. ಡಬಲ್ಸ್ ಆಡಲು ನಾಲ್ವರು ಸಾಕು, ಹಾಗಾಗಿ ಹೆಚ್ಚಿನವರು ನಾಲ್ಕೇ ಜನ ಸೇರಿ ಕೋರ್ಟು ಹಿಡಿಯುತ್ತಾರೆ. ಒಬ್ಬನಿಗೆ ಜ್ವರ ಬಂತು ಅಂದರೆ ಮೂವರ ಬೆಳಗು ಹಾಳು. ಎರಡನೇ ಸಲ ಹೀಗಾದಾಗ ಮಾತು ಬಿರುಸಾಗುತ್ತದೆ, ಮೂರನೇ ಸಲ ಗುಂಪೇ ಇರುವುದಿಲ್ಲ. ಎಂಟು ಜನರಾದರೆ ಕಾಯುವುದೇ ಹೆಚ್ಚಾಗಿ ಮೈ ತಣ್ಣಗಾಗುತ್ತದೆ. ಆರು ಜನರಿದ್ದರೆ, 21 ಪಾಯಿಂಟಿನ ಒಂದು ಡಬಲ್ಸ್ ಗೇಮಿಗೆ ಹದಿನೈದು ನಿಮಿಷದ ಲೆಕ್ಕದಲ್ಲಿ, ಒಂದು ಗಂಟೆಗೆ ನಾಲ್ಕು ಗೇಮು. ಪ್ರತಿ ಗೇಮಿಗೂ ಇಬ್ಬರು ಹೊರಗೆ ಕೂರುತ್ತಾರೆ.

ಹೀಗೆ ಕೂರುವ ಹದಿನೈದು ನಿಮಿಷ ವ್ಯರ್ಥ ಅನ್ನಿಸಬಹುದು. ಗೆಳೆತನ ಹುಟ್ಟುವುದು ಅಲ್ಲೇ. ಕೋರ್ಟಿನ ಒಳಗೆ 'ನಂದು', 'ಬಿಡು', 'ಔಟ್' ಬಿಟ್ಟರೆ ಬೇರೆ ಮಾತಿರುವುದಿಲ್ಲ. ಬೆಂಚಿನ ಮೇಲೆ ಬೆವರು ಒರೆಸಿಕೊಳ್ಳುತ್ತ ಕೂತ ಇಬ್ಬರು ಒಬ್ಬರ ಮುಖ ಒಬ್ಬರು ನೋಡುವ ಅಗತ್ಯವಿಲ್ಲದೆ, ಆಟ ನೋಡುತ್ತ, ಮಧ್ಯೆ ಮಧ್ಯೆ ಮಾತಾಡುತ್ತಾರೆ. ಗಂಡಸರಿಗಂತೂ ಎದುರುಬದುರು ಕೂತು ಮನಸ್ಸಿನ ವಿಷಯ ಎತ್ತುವ ಅಭ್ಯಾಸ ಕಡಿಮೆ, ಪಕ್ಕಪಕ್ಕ ಕೂತಾಗ ಬಾಯಿ ಸಲೀಸು. 'ಯಾಕ್ ಸಾರ್, ಈ ವಾರ ಸರ್ವೀಸೇ ನೆಟ್ ದಾಟ್ತಿಲ್ಲ?' ಎಂದು ಒಬ್ಬರು ಕೇಳುತ್ತಾರೆ. 'ಏನಿಲ್ಲ, ನಿದ್ದೆ ಇಲ್ಲ' ಅಂತ ಇನ್ನೊಬ್ಬರು. ಮುಂದಿನ ಗೇಮು ಬಂತು, ಮಾತು ನಿಂತಿತು. ಅದಾದ ಮೇಲೆ ಎರಡು ದಿನ ಬಿಟ್ಟು ಅದೇ ಬೆಂಚಿನಲ್ಲಿ 'ಅಪ್ಪನಿಗೆ ಡಯಾಲಿಸಿಸ್ ಶುರು ಮಾಡಿದ್ದಾರೆ' ಅನ್ನುವ ಮಾತು ಹೊರಗೆ ಬರುತ್ತದೆ. ಆಪ್ತ ಸಮಾಲೋಚಕರ ಮುಂದೆ ಮೊದಲ ದಿನ ಹೇಳಲಾಗದ್ದು ಸರ್ವೀಸಿನ ನೆಪದಲ್ಲಿ ಬಂದಿರುತ್ತದೆ.

ಆ ಮಾತು ಕೇಳಿದವರು ಮಾಡಬೇಕಾದ್ದು ಕಡಿಮೆ. ಸಲಹೆ ಕೊಡಬೇಡಿ, ಆಸ್ಪತ್ರೆಗಳ ಹೆಸರು ಪಟ್ಟಿ ಮಾಡಬೇಡಿ. 'ನಾಳೆ ಬರ್ತೀರಲ್ವಾ?' ಎಂದು ಕೇಳಿ, ಅಷ್ಟು ಸಾಕು.

ಗುಂಪಿನೊಳಗೆ ಯಾರು ಯಾರನ್ನು ಏನೆಂದು ಕರೆಯುತ್ತಾರೆ ಅನ್ನುವುದೂ ತಮಾಷೆಯ ವಿಷಯ. ಇಪ್ಪತ್ತೈದರ ಹುಡುಗ ನಲವತ್ತೆರಡರವನನ್ನು 'ಅಂಕಲ್' ಅಂದ ಕೂಡಲೇ ಮುಂದಿನ ಸ್ಮ್ಯಾಶ್ ಅವನ ಎದೆಗೇ ಬರುತ್ತದೆ. 'ಸಾರ್' ಮೊದಲ ತಿಂಗಳಿಗೆ ಸರಿ. ಅದು 'ಗುರೂ', 'ಅಣ್ಣ', 'ಮಾರಾಯ್ರೆ' ಆಗುವ ದಿನ ಯಾರೂ ಹೇಳಿಕೊಡದೆ ಬರುತ್ತದೆ.

ಹೆಜ್ಜೆ 4: ಪಟ್ಟಿ, ದುಡ್ಡು, ಕಟ್ಟಳೆ

ವಾಟ್ಸಾಪ್ ಗುಂಪು ಬೇಕು, ಆದರೆ ಆಟಕ್ಕೆ ಮಾತ್ರ. ರಾತ್ರಿ ಒಂಬತ್ತಕ್ಕೆ ಒಬ್ಬರು 'ನಾಳೆ 6ಕ್ಕೆ' ಎಂದು ಹಾಕಿ ತಮ್ಮ ಹೆಸರನ್ನು ಒಂದನೇ ನಂಬರಿಗೆ ಬರೆಯುತ್ತಾರೆ, ಉಳಿದವರು ಅದನ್ನೇ ಕಾಪಿ ಮಾಡಿ ಕೆಳಗೆ ತಮ್ಮ ಹೆಸರು ಸೇರಿಸುತ್ತ ಹೋಗುತ್ತಾರೆ. ಹೆಸರು ಬರೆದವರು ಬರದಿದ್ದರೆ ಆ ದಿನದ ಪಾಲು ಕೊಡಲೇಬೇಕು ಎಂಬ ಕಟ್ಟಳೆ ಮೊದಲ ದಿನವೇ ಇರಲಿ. ಆರು ತಿಂಗಳ ಮೇಲೆ ಈ ನಿಯಮ ತಂದರೆ ಅದು ಯಾರೋ ಒಬ್ಬರ ಮೇಲೆ ಬಾಣ ಬಿಟ್ಟ ಹಾಗೆ ಕಾಣುತ್ತದೆ.

ಲೆಕ್ಕ ನೋಡುವ ಕೆಲಸ ಪ್ರತಿ ತಿಂಗಳು ಒಬ್ಬೊಬ್ಬರಿಗೆ ಹೋಗಲಿ. ಒಬ್ಬರೇ ವರ್ಷಪೂರ್ತಿ 'ಸಾರ್, ಹೋದ ತಿಂಗಳದ್ದು ಬಾಕಿ ಇದೆ' ಎಂದು ಕೇಳುತ್ತ ಬಂದರೆ ಅವರಿಗೆ ಆಟ ರುಚಿಸುವುದಿಲ್ಲ. ರಾಜಕೀಯದ ಫಾರ್ವರ್ಡು, ಶುಭೋದಯದ ಹೂವು, ಚೀಟಿ ವ್ಯವಹಾರ ಬೇಡ. ಸೋತವರು ಕಾಫಿ ಕೊಡಿಸುವುದಕ್ಕಿಂತ ದೊಡ್ಡ ಬೆಟ್ಟಿಂಗ್ ಬೇಡವೇ ಬೇಡ. ದುಡ್ಡು ಬಂದ ಮೇಲೆ ಪ್ರತಿ 'ಔಟ್'ಗೂ ಸಾಕ್ಷಿ ಬೇಕಾಗುತ್ತದೆ.

ಇಲ್ಲೇ ಒಂದು ಕಹಿ ಮಾತನ್ನೂ ಹೇಳಬೇಕು. ಆಟದ ಮೈದಾನದಲ್ಲಿ ಎಲ್ಲರೂ ಸಮಾನರು ಅನ್ನುವುದು ಕೇಳಲು ಚಂದ, ಕೋರ್ಟಿನ ಬಾಡಿಗೆಯೇ ಅರ್ಧ ಊರನ್ನು ಹೊರಗೆ ನಿಲ್ಲಿಸುತ್ತದೆ. ಅಪಾರ್ಟ್‌ಮೆಂಟಿನ ಒಳಗಿನ ಗುಂಪಿನಲ್ಲಿ ನಿಮ್ಮಂಥ ಸಂಬಳದ, ನಿಮ್ಮಂಥ ಮಾತಿನ ಜನರೇ ಸಿಗುತ್ತಾರೆ. ಬೇರೆ ಬದುಕಿನವರ ಪರಿಚಯ ಬೇಕಿದ್ದರೆ ಸಾರ್ವಜನಿಕ ಮೈದಾನದ ವಾಲಿಬಾಲೋ ಟೆನಿಸ್ ಬಾಲ್ ಕ್ರಿಕೆಟ್ಟೋ ಮೇಲು. ಅಲ್ಲಿ ಬ್ಯಾಂಕಿನವರೂ ಗ್ಯಾರೇಜಿನವರೂ ಒಂದೇ ಸೈಡಿನಲ್ಲಿ ನಿಂತಿರುತ್ತಾರೆ.

ಆಟ ಒಂದು ಇಡೀ ಸಮುದಾಯವನ್ನು ಹೇಗೆ ಕಟ್ಟಬಲ್ಲದು ಅನ್ನುವುದಕ್ಕೆ ನಮ್ಮಲ್ಲೇ ದೊಡ್ಡ ಉದಾಹರಣೆ ಕೊಡಗಿನ ಕೌಟುಂಬಿಕ ಹಾಕಿ. ಪಾಂಡಂಡ ಕುಟ್ಟಪ್ಪ ಅವರ ಮುಂದಾಳತ್ವದಲ್ಲಿ 1997ರಲ್ಲಿ ಕರಡದಲ್ಲಿ ಶುರುವಾದಾಗ 60 ಕುಟುಂಬಗಳ ತಂಡಗಳಿದ್ದವು. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕುಟುಂಬ ನಡೆಸಿದಾಗ 360 ತಂಡಗಳಾಗಿ ಗಿನ್ನೆಸ್ ದಾಖಲೆಗೆ ಸೇರಿತು. ಒಂದೊಂದು ಸಲ ಒಂದೊಂದು ಕುಟುಂಬ ಹೊಣೆ ಹೊರುತ್ತದೆ. ತಂಡ ಅಂದರೆ ಒಕ್ಕ, ಒಂದೇ ಮನೆತನದ ಹೆಸರಿನವರು. ಬೆಂಗಳೂರಿನಲ್ಲೋ ವಿದೇಶದಲ್ಲೋ ನೆಲೆಸಿದವರು ರಜೆ ಹೊಂದಿಸಿಕೊಂಡು ಬರುತ್ತಾರೆ, ಹೆಣ್ಣುಮಕ್ಕಳೂ ವಯಸ್ಸಾದವರೂ ಅದೇ ತಂಡದಲ್ಲಿ ಸ್ಟಿಕ್ ಹಿಡಿಯುತ್ತಾರೆ. ಮೊದಲ ಸುತ್ತಿನಲ್ಲೇ ಸೋಲುವುದು ಖಚಿತವಾಗಿರುವ ತಂಡಗಳೂ ತಪ್ಪದೆ ಬರುತ್ತವೆ. ಗೆಲ್ಲುವುದೊಂದೇ ಕಾರಣವಾಗಿದ್ದರೆ ಅವರು ಯಾಕೆ ಬರಬೇಕು? ಗಲ್ಫ್, ಅಮೆರಿಕದ ಕನ್ನಡ ಸಂಘಗಳು ರಾಜ್ಯೋತ್ಸವದ ಜೊತೆಗೆ ಕ್ರಿಕೆಟ್, ಥ್ರೋಬಾಲ್ ಪಂದ್ಯ ಇಟ್ಟುಕೊಳ್ಳುವುದೂ ಇದೇ ಕಾರಣಕ್ಕೆ. ಭಾಷಣ ಕೇಳಲು ಬರದವರೂ ಆಡಲು ಬರುತ್ತಾರೆ.

ಹೆಜ್ಜೆ 5: ಮೊದಲ ತಿಂಗಳು ಮೈಯ ಮಾತು ಕೇಳಿ

ಗುಂಪು ಬಿಟ್ಟು ಹೋಗುವುದಕ್ಕೆ ಜಗಳಕ್ಕಿಂತ ದೊಡ್ಡ ಕಾರಣ ಪೆಟ್ಟು. ಇಪ್ಪತ್ತರ ನೆನಪು ಮತ್ತು ನಲವತ್ತರ ಮಂಡಿ ಒಟ್ಟಿಗೆ ಕೋರ್ಟಿಗಿಳಿದಾಗ ಏನಾಗುತ್ತದೆ ಅನ್ನುವುದನ್ನು ಮೂಳೆ ಡಾಕ್ಟರುಗಳು ವಾರವಾರವೂ ನೋಡುತ್ತಾರೆ. ಶಟಲ್‌ನಲ್ಲಿ ಹೆಚ್ಚು ಅಪಾಯ ಪಾದದ ಉಳುಕು ಮತ್ತು ಹಿಮ್ಮಡಿಯ ಮೇಲಿನ ದಪ್ಪ ನರಕ್ಕೆ (ಅಕಿಲಿಸ್ ಟೆಂಡನ್) ಆಗುವ ಪೆಟ್ಟು. ಹಿಂದಿನಿಂದ ಯಾರೋ ಒದ್ದ ಹಾಗೆ ಅನ್ನಿಸಿ, ತಿರುಗಿ ನೋಡಿದರೆ ಯಾರೂ ಇಲ್ಲದಿದ್ದರೆ ಆ ನರ ಹರಿದಿರಬಹುದು. ಆಟ ಅಲ್ಲಿಗೇ ನಿಲ್ಲಿಸಿ, ಅದೇ ದಿನ ಡಾಕ್ಟರ ಹತ್ತಿರ ಹೋಗಿ.

ನಲವತ್ತು ದಾಟಿದವರು, ಬಿಪಿ, ಶುಗರ್ ಇರುವವರು, ಮನೆಯಲ್ಲಿ ಹೃದಯದ ಕಾಯಿಲೆ ಇದ್ದವರು ಶುರು ಮಾಡುವ ಮೊದಲೇ ಒಮ್ಮೆ ತಪಾಸಣೆ ಮಾಡಿಸಿಕೊಳ್ಳಿ. ಆಡುವಾಗ ಎದೆ ಬಿಗಿತ, ಎಡಗೈಯೋ ದವಡೆಯೋ ನೋವು, ಕಣ್ಣು ಕತ್ತಲೆ ಬಂದರೆ 'ಗ್ಯಾಸ್' ಅಂತ ಸುಮ್ಮನಾಗಬೇಡಿ. ಪ್ರತಿದಿನ ಹತ್ತು ನಿಮಿಷ ಮೈ ಬಿಸಿ ಮಾಡಿಕೊಂಡೇ ಒಳಗೆ ಹೋಗಿ: ಕೋರ್ಟಿನ ಸುತ್ತ ನಾಲ್ಕು ಸುತ್ತು ನಿಧಾನ ಓಟ, ತೋಳು ತಿರುಗಿಸುವುದು, ಮೆಟ್ಟಿಲಂಚಿನಲ್ಲಿ ನಿಂತು ಹಿಮ್ಮಡಿ ಏರಿಸಿ ಇಳಿಸುವುದು. ಸಿಮೆಂಟ್ ನೆಲವಾದರೆ ದಪ್ಪ ತಳದ ಶೂ ಇರಲಿ ಮತ್ತು ವಾರಕ್ಕೆ ಮೂರು ದಿನಕ್ಕಿಂತ ಹೆಚ್ಚು ಬೇಡ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಅಳತೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷದ ಸಾಧಾರಣ ಶ್ರಮ. ವಾರಕ್ಕೆ ಮೂರು ದಿನ ಒಂದೊಂದು ಗಂಟೆ ಆಡಿದರೆ ಅದರ ಸಮೀಪ ಬಂದಿರುತ್ತೀರಿ. ಲೆಕ್ಕ ಮುಗಿಯಿತು. ಕೈಗಡಿಯಾರ ತೋರಿಸುವ ಕ್ಯಾಲೊರಿ ನೋಡುತ್ತ ಕೂರಬೇಡಿ.

ಹೆಜ್ಜೆ 6: ಸೋಲು ಮನೆಗೆ ಬರದಂತೆ ನೋಡಿಕೊಳ್ಳಿ

ಆಟ ಮನಸ್ಸನ್ನು ಹಗುರ ಮಾಡುವಷ್ಟೇ ಸಲೀಸಾಗಿ ಕೆಡಿಸಲೂ ಬಲ್ಲದು. ಸೋತ ದಿನವೆಲ್ಲ ಮುಖ ಗಂಟಿಕ್ಕಿಕೊಂಡು ಆಫೀಸಿನಲ್ಲಿ ಕೂರುವವರನ್ನು ನೋಡಿದ್ದೇನೆ. ಇದಕ್ಕೆ ಮದ್ದು ಉಪದೇಶವಲ್ಲ, ಏರ್ಪಾಡು. ಜೋಡಿ ಕಾಯಂ ಇರಬಾರದು, ಪ್ರತಿ ಗೇಮಿಗೂ ಬದಲಾಗುತ್ತಿರಲಿ. ನಿನ್ನೆ ಎದುರಾಳಿಯಾಗಿದ್ದವನು ಇವತ್ತು ಜೊತೆಗಾರನಾದರೆ ಹಗೆ ಬೆಳೆಯಲು ಜಾಗವಿಲ್ಲ. ಗೆರೆಯ ಜಗಳಕ್ಕೆ ಒಂದೇ ನಿಯಮ: ಕಾಕ್ ಯಾರ ಕಡೆ ಬಿತ್ತೋ ಅವರ ಮಾತೇ ಕೊನೆ, ಅವರಿಗೇ ಅನುಮಾನವಿದ್ದರೆ ಆ ಪಾಯಿಂಟ್ ಮತ್ತೆ.

ಪ್ರತಿ ಗುಂಪಿನಲ್ಲೂ ಒಬ್ಬ ಕೋಚ್ ಇರುತ್ತಾನೆ, ಯಾರೂ ನೇಮಿಸದವನು. 'ನೀವು ಮಣಿಕಟ್ಟು ಬಳಸಲ್ಲ ಸಾರ್, ಅದೇ ಪ್ರಾಬ್ಲಮ್' ಎಂದು ಪ್ರತಿ ಪಾಯಿಂಟಿನ ಮಧ್ಯೆ ಪಾಠ. ಹೊಸಬರು, ಅದರಲ್ಲೂ ಮೊದಲೇ ಅಂಜಿಕೊಂಡು ಬಂದವರು, ಇವನಿಂದಾಗಿ ಬಿಟ್ಟು ಹೋಗುತ್ತಾರೆ. ಯಾರಾದರೂ ಹಿರಿಯರು ನಗುನಗುತ್ತಲೇ 'ಕೇಳಿದಾಗ ಹೇಳೋಣ ಬಿಡಿ' ಅನ್ನಬೇಕು. ನೀವೇ ಆ ಕೋಚ್ ಆಗಿದ್ದರೆ, ಬಹುಶಃ ಇಷ್ಟು ಹೊತ್ತಿಗೆ ನಿಮಗೇ ಗೊತ್ತಾಗಿರಬೇಕು.

ಹೆಣ್ಣುಮಕ್ಕಳಿಗೆ, ಸ್ವಲ್ಪ ಬೇರೆ ಲೆಕ್ಕ

ಮೇಲಿನ ಎಲ್ಲ ಹೆಜ್ಜೆಗಳೂ ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟು ಹೊರಡಬಲ್ಲವರಿಗೆ ಬರೆದದ್ದು. ಆ ಹೊತ್ತಿಗೆ ಒಲೆಯ ಮುಂದೆ ನಿಂತವರಿಗೆ ಅದು ಹೊಂದುವುದಿಲ್ಲ. ಮಕ್ಕಳನ್ನು ಶಾಲೆಗೆ ಕಳಿಸಿದ ಮೇಲೆ ಹತ್ತರಿಂದ ಹನ್ನೊಂದರವರೆಗೆ ಕೋರ್ಟುಗಳು ಸಾಮಾನ್ಯವಾಗಿ ಖಾಲಿ ಇರುತ್ತವೆ, ಬಾಡಿಗೆ ಇಳಿಸಿಕೊಡುವವರೂ ಇದ್ದಾರೆ. ಕೇಳಿ ನೋಡಿ. ಕೆಲಸಕ್ಕೆ ಹೋಗುವವರಿಗೆ ವಾರಾಂತ್ಯದ ಥ್ರೋಬಾಲ್ ಒಳ್ಳೆಯ ಆಯ್ಕೆ. ಶಾಲೆಯಲ್ಲಿ ಆಡಿದ ನೆನಪು ಹೆಚ್ಚಿನವರಿಗೆ ಇರುವುದರಿಂದ ಹೊಸದಾಗಿ ಕಲಿಯುವ ಅಂಜಿಕೆಯಿಲ್ಲ, ಹದಿನಾಲ್ಕು ಜನ ಒಟ್ಟಿಗೆ ಆಡುವುದರಿಂದ ತಪ್ಪು ಒಬ್ಬರ ತಲೆಗೆ ಬರುವುದಿಲ್ಲ. ಜಾಗ ನೋಡುವಾಗ ಬಟ್ಟೆ ಬದಲಿಸುವ ಕೋಣೆ, ಚಿಲಕವಿರುವ ಶೌಚಾಲಯ, ದಾರಿಯ ದೀಪ ಈ ಮೂರನ್ನು ಮೊದಲು ಪರೀಕ್ಷಿಸಿ. ಆಟಕ್ಕೆಂದೇ ಸಿಗುವ ಬ್ರಾ ಕೊಳ್ಳುವುದಕ್ಕೆ ಶೂವಿಗಿಂತ ಮೊದಲು ದುಡ್ಡು ತೆಗೆದಿಡಿ.

'ಆಡೋಕೆ ಹೋಗ್ತೀನಿ' ಅನ್ನುವುದಕ್ಕಿಂತ 'ತೂಕ ಇಳಿಸೋಕೆ ಹೋಗ್ತೀನಿ' ಅಂದರೆ ಮನೆಯಲ್ಲಿ ಬೇಗ ಒಪ್ಪುತ್ತಾರೆ, ಅದಕ್ಕೇ ಎಷ್ಟೋ ಜನ ಹಾಗೆ ಹೇಳಿ ಹೊರಡುತ್ತಾರೆ. ಆದರೆ ತೂಕ ಇಳಿಯದಿದ್ದ ತಿಂಗಳು ಆಟ ನಿಲ್ಲಿಸಲು ಅದೇ ಕಾರಣವಾಗುತ್ತದೆ. ಖುಷಿಗೆ ಹೋಗುತ್ತೇನೆ ಅಂತಲೇ ಹೇಳಿ ಹೊರಡುವುದು ಮೊದಲಿಗೆ ಕಷ್ಟ, ಮುಂದೆ ಸುಖ.

ಮಕ್ಕಳು ಆಡುತ್ತಿದ್ದರೆ

ಚುಟುಕಾಗಿ ಹೇಳುತ್ತೇನೆ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬಗ್ಗುವ ಚಟುವಟಿಕೆ ಬೇಕು. ಎಸ್ಸೆಸ್ಸೆಲ್ಸಿ ಬಂತು ಅಂತ ಆಟ ನಿಲ್ಲಿಸುವುದು ನಮ್ಮಲ್ಲಿ ವಾಡಿಕೆ, ಒತ್ತಡ ಹೆಚ್ಚಿರುವ ವರ್ಷವೇ ಒತ್ತಡ ಇಳಿಸುವ ದಾರಿ ಮುಚ್ಚುತ್ತೇವೆ. ದಿನಗಳನ್ನು ಕಡಿಮೆ ಮಾಡಿ, ಪೂರ್ತಿ ನಿಲ್ಲಿಸಬೇಡಿ. ಪಂದ್ಯ ಸೋತು ಬೈಕಿನ ಹಿಂದೆ ಕೂತ ಮಗುವಿಗೆ ದಾರಿಯುದ್ದಕ್ಕೂ ಆಟದ ವಿಮರ್ಶೆ ಹೇಳಬೇಡಿ. 'ದೋಸೆ ತಿನ್ನೋಣ್ವಾ?' ಸಾಕು. ಕಲಿಸುವವರಿದ್ದಾರೆ, ಅವರು ಹೇಳುತ್ತಾರೆ.

ಆಟ ಸಾಲದ ಹೊತ್ತು

ಇಲ್ಲಿ ಎಚ್ಚರ ಬೇಕು. 1980ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಪ್ರಶಸ್ತಿ ಗೆದ್ದ ಪ್ರಕಾಶ್ ಪಡುಕೋಣೆಯವರ ಮಗಳು, ತಾವೂ ರಾಷ್ಟ್ರಮಟ್ಟದಲ್ಲಿ ಬ್ಯಾಡ್ಮಿಂಟನ್ ಆಡಿದ್ದ ದೀಪಿಕಾ ಪಡುಕೋಣೆ, ತಮಗೆ ಖಿನ್ನತೆ ಬಂದಿದ್ದನ್ನು 2015ರಲ್ಲಿ ಎಲ್ಲರೆದುರು ಹೇಳಿಕೊಂಡರು. ಮಗಳ ಸ್ಥಿತಿ ಸರಿಯಿಲ್ಲ ಎಂದು ಮೊದಲು ಗುರುತಿಸಿದ್ದು ತಾಯಿ. ಕೊಡಗಿನ ಕ್ರಿಕೆಟಿಗ ರಾಬಿನ್ ಉತ್ತಪ್ಪ 2009ರಿಂದ 2011ರವರೆಗೆ ತಮಗೆ ಬದುಕೇ ಬೇಡ ಅನ್ನಿಸುತ್ತಿದ್ದ ದಿನಗಳ ಬಗ್ಗೆ 2020ರಲ್ಲಿ ಮಾತಾಡಿದರು. ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಮೇಲೆ ಖಿನ್ನತೆ ಕಾಡಿತು ಎಂದವರು ಅಭಿನವ್ ಬಿಂದ್ರಾ. ಇವರಿಗೆ ಆಟದ ಕೊರತೆ ಇರಲಿಲ್ಲ. 'ದಿನಾ ಬೆಳಗ್ಗೆ ಓಡು, ಎಲ್ಲ ಸರಿಹೋಗುತ್ತೆ' ಎಂದು ಖಿನ್ನತೆಯಲ್ಲಿರುವವರಿಗೆ ಹೇಳುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ಹಾಸಿಗೆಯಿಂದ ಏಳಲಾಗದಿರುವುದೇ ಆ ಕಾಯಿಲೆಯ ಲಕ್ಷಣ.

ವ್ಯಾಯಾಮಕ್ಕೆ ಚಿಕಿತ್ಸೆಯ ಬಲವಿಲ್ಲ ಎಂದಲ್ಲ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯ 1999ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಖಿನ್ನತೆಯಿದ್ದ 156 ಮಂದಿ, ಐವತ್ತರ ಮೇಲಿನವರು, ಭಾಗವಹಿಸಿದ್ದರು. 16 ವಾರಗಳ ಕೊನೆಗೆ ವ್ಯಾಯಾಮ ಮಾಡಿದವರೂ ಮಾತ್ರೆ ತೆಗೆದುಕೊಂಡವರೂ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಚೇತರಿಸಿಕೊಂಡಿದ್ದರು. ಗಮನಿಸಿ, ಅಲ್ಲಿಯೂ ವ್ಯಾಯಾಮ ನಡೆದದ್ದು ಗುಂಪಿನಲ್ಲಿ, ನೋಡಿಕೊಳ್ಳುವವರ ಎದುರಿಗೆ. ಹಾಗಂತ ಈಗಾಗಲೇ ಮಾತ್ರೆ ತೆಗೆದುಕೊಳ್ಳುತ್ತಿರುವವರು ಆಟ ಶುರುವಾಯಿತು ಅಂತ ತಾವೇ ನಿಲ್ಲಿಸಬಾರದು, ಡಾಕ್ಟರನ್ನು ಕೇಳಿಯೇ ಮುಂದಿನ ಹೆಜ್ಜೆ.

ಎರಡು ವಾರಕ್ಕೂ ಮೀರಿ ದಿನದ ಹೆಚ್ಚು ಹೊತ್ತು ಮನಸ್ಸು ಮಂಕಾಗಿದ್ದರೆ, ಇಷ್ಟದ ಆಟವೂ ಬೇಡವಾದರೆ, ನಿದ್ದೆ ಊಟ ಏರುಪೇರಾದರೆ, ಸಾಯುವ ಯೋಚನೆ ಒಮ್ಮೆ ಬಂದು ಹೋದರೂ ಸಹಾಯ ಕೇಳಿ. ಟೆಲಿ ಮಾನಸ್ ಸಹಾಯವಾಣಿ 14416, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಸೇವೆಯ ಹಿಂದೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಬೆಂಚಿನಲ್ಲಿ ಪಕ್ಕ ಕೂತವರಿಗೂ ಈ ನಂಬರ್ ಗೊತ್ತಿರಲಿ. ಇನ್ನೊಂದು ಲಕ್ಷಣ ಇದಕ್ಕೆ ತದ್ವಿರುದ್ಧ: ಒಂದು ದಿನ ಆಟ ತಪ್ಪಿದರೆ ಮನೆಯವರ ಮೇಲೆ ರೇಗುವುದು, ಜ್ವರವಿದ್ದರೂ ಹೋಗುವುದು, ಪೆಟ್ಟಿನ ಮೇಲೆ ಪೆಟ್ಟು ಮಾಡಿಕೊಳ್ಳುವುದು. ಅಂಥವರು ವಾರಕ್ಕೊಂದು ದಿನ ಬೇಕೆಂದೇ ಬಿಟ್ಟು ನೋಡಬೇಕು.

ಪೆಟ್ಟು ಬಿದ್ದಾಗ, ಗುಂಪು ತೆಳ್ಳಗಾದಾಗ

ಕಾಲು ಉಳುಕಿ ಆರು ವಾರ ಆಡಬಾರದು ಅಂದರೆ ಹೆಚ್ಚಿನವರು ಗುಂಪಿನಿಂದಲೇ ಮರೆಯಾಗುತ್ತಾರೆ. ಮೈಗೂ ಪೆಟ್ಟು, ಮಾತಿಗೂ ಬರ. ಹಾಗೆ ಮಾಡಬೇಡಿ. ವಾರಕ್ಕೊಮ್ಮೆಯಾದರೂ ಅದೇ ಹೊತ್ತಿಗೆ ಹೋಗಿ ಬೆಂಚಿನ ಮೇಲೆ ಕೂತು ಸ್ಕೋರ್ ಹೇಳಿ, ಆಟದ ನಂತರದ ಇಡ್ಲಿ ಕಾಫಿಗೆ ನಿಲ್ಲಿ. ಗುಂಪಿನವರೂ ಪೆಟ್ಟಾದವರ ಹೆಸರು ಪಟ್ಟಿಯಿಂದ ತೆಗೆಯಬಾರದು, ಆ ತಿಂಗಳ ಪಾಲು ಮಾತ್ರ ಬಿಟ್ಟುಬಿಡಬೇಕು.

ಮಾರ್ಚ್ ಬಂದರೆ ಮಕ್ಕಳ ಪರೀಕ್ಷೆ, ಏಪ್ರಿಲ್ ಮೇನಲ್ಲಿ ಊರು, ಮದುವೆ, ಜಾತ್ರೆ. ಪಟ್ಟಿಯಲ್ಲಿ ಮೂರು ಹೆಸರಿಗಿಂತ ಮೇಲೆ ಹೋಗುವುದಿಲ್ಲ, ಎಷ್ಟೋ ಗುಂಪುಗಳು ಸಾಯುವುದು ಈ ತಿಂಗಳುಗಳಲ್ಲೇ. ಫೆಬ್ರವರಿಯಲ್ಲೇ ಕೂತು ಒಂದು ತೀರ್ಮಾನ ಮಾಡಿ: ಮೂರು ದಿನದ ಬದಲು ಭಾನುವಾರ ಒಂದೇ ದಿನ, ಆದರೆ ಅದು ತಪ್ಪಬಾರದು. ಮೂವರೇ ಬಂದರೆ ಒಂದು ಕಡೆ ಇಬ್ಬರು, ಇನ್ನೊಂದು ಕಡೆ ಒಬ್ಬರು ಆಡಿ. ಜೂನ್‌ನಲ್ಲಿ ಶಾಲೆ ಶುರುವಾಗಿ ಎರಡು ವಾರ ಕಳೆಯಲಿ, ಆಮೇಲೆ ರಾತ್ರಿ ಒಂಬತ್ತಕ್ಕೆ ಮತ್ತೆ 'ನಾಳೆ 6ಕ್ಕೆ' ಎಂದು ಹಾಕಿ. ಬರದೇ ಉಳಿದವರಿಗೆ ಗುಂಪಿನಲ್ಲಿ ಕೇಳಬೇಡಿ, ಒಬ್ಬೊಬ್ಬರಿಗೆ ಬೇರೆ ಬೇರೆ ಫೋನ್ ಮಾಡಿ.